ನಾಲ್ಕು ಊರು, ನಲವತ್ತು ತಾಕು

ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೊಡಿರೆಂದು ಸೂಚನಾಫಲಕದಲ್ಲಿ ಪ್ರಕಟಣೆ ಬಂದೊಡನೆ ನಮ್ಮ ಕಾಲೇಜಿನಲ್ಲಿ ಕವಿಗಳು ಹುಟ್ಟಿಕೊಳ್ಳುತ್ತಾರೆ. ಹಂಪೆಯ ಭಗ್ನಶಿಲೆಗಳನ್ನು ಕುರಿತು ಒಂದು ಕವಿತೆ, ತುಂಗಭದ್ರೆಯ ಮೇಲೆ ಮತ್ತೊಂದು, ಹಾಸ್ಟೆಲ್ಲಿನ ಸಾರನ್ನು ಕುರಿತು ಒಂದು ಹಾಸ್ಯಲೇಖನ, ಇವು ಮಳೆ ಬರಲಿ ಬಾರದಿರಲಿ ವರ್ಷವರ್ಷವೂ ತಪ್ಪದ ಬೆಳೆಗಳು. ಸಂಖ್ಯಾಶಾಸ್ತ್ರವನ್ನು ಕುರಿತು ಬರೆಯುವವರು ಮಾತ್ರ ಕಡಮೆ. ಅದು ಸಹಜವೇ. ಅಂಕಿಗಳನ್ನು ಕಂಡೊಡನೆ ಪರೀಕ್ಷೆಯ ಹಿಂದಿನ ರಾತ್ರಿ ನೆನಪಾಗದವರು ನಮ್ಮಲ್ಲಿ ಯಾರಿದ್ದಾರೆ? ಆದರೂ ಈ ಸಲ ನಾನು ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಓದುಗರು ಪುಟ ತಿರುವಿಹಾಕುವ ಮೊದಲು ಒಂದು ಮಾತು: ಇಲ್ಲಿ ಸೂತ್ರಗಳಿಲ್ಲ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಉಳಿದದ್ದು ಹೊಲಗದ್ದೆಯ ಮಾತು.

ಸರಾಸರಿಯ ಕಥೆ ಎಲ್ಲರಿಗೂ ಗೊತ್ತು. ಹೊಳೆಯ ಸರಾಸರಿ ಆಳ ಮೂರೇ ಅಡಿಯೆಂದು ಗುಣಾಕಾರ ಭಾಗಾಕಾರ ಮಾಡಿ, ಹೆಂಡತಿ ಮಕ್ಕಳೊಡನೆ ನೀರಿಗಿಳಿದ ಪಂಡಿತನ ಗತಿ ಏನಾಯಿತೆಂಬುದನ್ನು ಮೇಷ್ಟರುಗಳು ಹೇಳುತ್ತಲೇ ಬಂದಿದ್ದಾರೆ. ನಾವು ನಗುತ್ತಲೇ ಬಂದಿದ್ದೇವೆ. ಆ ಪಂಡಿತನ ಸರಾಸರಿಯಲ್ಲಿ ದೋಷವೇನೂ ಇರಲಿಲ್ಲ. ಅದರ ಸುತ್ತ ಏರುಪೇರು ಎಷ್ಟಿದೆಯೆಂದು ಆತ ಕೇಳಲಿಲ್ಲ, ಅಷ್ಟೆ. ಸಂಖ್ಯಾಶಾಸ್ತ್ರದಲ್ಲಿ ಮುಕ್ಕಾಲು ಪಾಲು ಈ ಏರುಪೇರಿನ ವಿಚಾರವೇ. ಅದರ ವರ್ಗಕ್ಕೆ ನಮ್ಮ ಪಠ್ಯಪುಸ್ತಕದವರು ವೇರಿಯನ್ಸ್ ಎಂದು ಹೆಸರಿಟ್ಟು ಹೆದರಿಸಿದ್ದಾರೆ. ನಾನು ಏರುಪೇರು ಎಂದೇ ಕರೆಯುತ್ತೇನೆ.

ನಮ್ಮ ಸೀಮೆಯಲ್ಲಿ ಏರುಪೇರನ್ನು ಕಾಣಲು ಪುಸ್ತಕ ಬೇಕಾಗಿಲ್ಲ, ಬಸ್ಸಿನ ಚೀಟಿ ಸಾಕು. ಸಂಡೂರಿನಲ್ಲಿ ಹತ್ತಿದಿರೋ, ಕಬ್ಬಿಣದ ಅದಿರಿನ ಗುಡ್ಡಗಳು, ಎಲೆಯ ಮೇಲೂ ಅಂಗಿಯ ಮೇಲೂ ಒಂದೇ ಬಗೆಯ ಕೆಂಪು ಧೂಳು. ಹೊಸಪೇಟೆಗೆ ಬಂದಿರೋ, ಕಬ್ಬಿನ ಗಾಡಿಗಳು. ಹಂಪೆಯ ಕಡೆ ತಿರುಗಿದಿರೋ, ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳ ನೀರುಂಡು ಬಂಡೆಗಳ ನಡುವೆಯೇ ತಲೆಯೆತ್ತಿ ನಿಂತ ಬಾಳೆಯ ತೋಟಗಳು. ಕಂಪ್ಲಿ ಹತ್ತಿರವಾದಂತೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ. ಒಂದೇ ನದಿಯ ಆಸರೆಯ ನಾಡು. ಆದರೂ ಮಣ್ಣು ಬೇರೆ, ನೀರಿನ ಸರದಿ ಬೇರೆ, ಬಿತ್ತುವವನ ಕೈ ಬೇರೆ. ಒಂದು ಊರಿನ ಎರಡು ಗದ್ದೆಗಳು ಅಣ್ಣತಮ್ಮಂದಿರಂತೆ. ಮುಖದಲ್ಲಿ ಹೋಲಿಕೆ ಇದ್ದೇ ಇರುತ್ತದೆ. ಬೇರೆ ಬೇರೆ ಊರಿನ ಗದ್ದೆಗಳು ದೂರದ ನಂಟರು, ಹೋಲಿದರೂ ಹೋಲಬಹುದು, ಬಿಟ್ಟರೂ ಬಿಡಬಹುದು. ಈ ಅಣ್ಣತಮ್ಮಂದಿರ ಹೋಲಿಕೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ನನ್ನ ಸೋದರಮಾವನವರು ಕಂಪ್ಲಿಯ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಗದ್ದೆಯನ್ನು ಗುತ್ತಿಗೆಗೆ ಹಿಡಿದು ಭತ್ತ ಬೆಳೆಯುತ್ತಾರೆ. ನೆಲದ ಒಡೆಯನಿಗೆ ಗುತ್ತಿಗೆ, ಗೊಬ್ಬರದ ಅಂಗಡಿಗೆ ಸಾಲ ಮತ್ತು ಬಡ್ಡಿ, ಇವೆರಡೂ ಕಳೆದ ಮೇಲೆ ಕಣದಲ್ಲಿ ಉಳಿದದ್ದು ಮನೆಗೆ. ಕೆಲವು ಸಲ ಉಳಿಯುತ್ತದೆ, ಕೆಲವು ಸಲ ಕಣವನ್ನು ಗುಡಿಸಿದ ಪೊರಕೆ ಮಾತ್ರ ಉಳಿಯುತ್ತದೆ. ಅವರಲ್ಲಿಗೆ ಒಂದು ದಿನ ಒಬ್ಬ ಮಾರಾಟಗಾರ ಬಂದು, ಭತ್ತದ ಪೈರಿಗೆ ಸಿಂಪಡಿಸುವ ಹೊಸ ದ್ರಾವಣವೊಂದನ್ನು ಹೊಗಳಿ, ಬಣ್ಣದ ಚೀಟಿಯೊಂದನ್ನು ಕೊಟ್ಟುಹೋದನಂತೆ. ನಲವತ್ತು ಕಡೆಗಳಲ್ಲಿ ಜೋಡಿ ತಾಕುಗಳನ್ನು ಮಾಡಿ, ಒಂದಕ್ಕೆ ದ್ರಾವಣ ಸಿಂಪಡಿಸಿ, ಪಕ್ಕದ್ದಕ್ಕೆ ಸಿಂಪಡಿಸದೆ, ಎರಡನ್ನೂ ಕೊಯ್ದು ತೂಗಿ ನೋಡಲಾಗಿ ಎಕರೆಗೆ ಎರಡೂವರೆ ಚೀಲ ಹೆಚ್ಚು ಇಳುವರಿ ಬಂದಿತೆಂದೂ, ಇದು “ಸಂಖ್ಯಾಶಾಸ್ತ್ರದ ಪ್ರಕಾರ ಸಾರ್ಥಕ”ವೆಂದೂ ಅದರಲ್ಲಿ ಅಚ್ಚಾಗಿತ್ತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕು ಊರುಗಳ ವಿವರವಿತ್ತು. ನಾನು ರಜೆಗೆ ಹೋಗಿದ್ದಾಗ ಮಾವ ಆ ಚೀಟಿಯನ್ನು ನನ್ನ ಮುಂದೆ ಹಿಡಿದರು.

“ಏನಪಾ ಅಳಿಯ, ಕಾಲೇಜಿನಾಗ ಇದನ್ನ ಓದ್ತೀ ಅಲ್ಲ? ನಲವತ್ತು ಕಡೆ ನೋಡ್ಯಾರಂತ. ಖರೇನಾ ಇದು?”

ನಾಲ್ಕು ಎಕರೆಗೂ ದ್ರಾವಣ ಕೊಳ್ಳಬೇಕಾದರೆ ಮತ್ತೆ ಅಂಗಡಿಯ ಸಾಲದ ಪುಸ್ತಕ ತೆರೆಯಬೇಕು. ಆದ್ದರಿಂದ ಅವರು ಕೇಳಿದ್ದು ಹರಟೆಯ ಪ್ರಶ್ನೆಯಾಗಿರಲಿಲ್ಲ. ಪರೀಕ್ಷೆಯಲ್ಲಿ ಸಾರ್ಥಕತೆಯನ್ನು ಕುರಿತು ಬರುವ ಪ್ರಶ್ನೆಗೆ ಉತ್ತರ ತಪ್ಪಿದರೆ ಹೋಗುವುದು ಹತ್ತು ಅಂಕ. ಇಲ್ಲಿ ತಪ್ಪಿದರೆ ಹೋಗುವುದು ಒಂದು ಮನೆಯ ವರ್ಷದ ಅನ್ನ.

ಸಾರ್ಥಕತೆಯ ಪರೀಕ್ಷೆಯೆಂದರೇನು? ದ್ರಾವಣದಿಂದ ಏನೂ ಆಗುವುದಿಲ್ಲವೆಂದೇ ಮೊದಲು ಭಾವಿಸಿಕೊಳ್ಳಬೇಕು. ಹಾಗಿದ್ದರೂ ಬರಿಯ ಏರುಪೇರಿನಿಂದಲೇ ಇಷ್ಟು ದೊಡ್ಡ, ಅಥವಾ ಇದಕ್ಕಿಂತ ದೊಡ್ಡ, ವ್ಯತ್ಯಾಸ ಕಾಣಿಸುವ ಸಂಭವ ಎಷ್ಟೆಂದು ಕೇಳಬೇಕು. ಆ ಸಂಭವ ತೀರ ಕಡಮೆಯಾದರೆ, “ಏನೂ ಆಗುವುದಿಲ್ಲ” ಎಂಬ ಭಾವನೆಯನ್ನು ಕೈಬಿಡಬಹುದು. ಕಡಮೆಯೆಂದರೆ ಎಷ್ಟು? ಇಂಗ್ಲೆಂಡಿನ ರೊನಾಲ್ಡ್ ಫಿಶರ್ ೧೯೨೫ರ ತಮ್ಮ ಗ್ರಂಥದಲ್ಲಿ ನೂರಕ್ಕೆ ಐದು ಎಂಬ ಗೆರೆಯನ್ನು ಅನುಕೂಲವೆಂದು ಬಳಸಿದರು. ಅನುಕೂಲಕ್ಕೆ ಎಳೆದ ಗೆರೆ ಆಮೇಲೆ ಲಕ್ಷ್ಮಣರೇಖೆಯಾಯಿತು. ಫಿಶರರಿಗಿಂತ ಮುಂಚೆ ೧೯೦೮ರಲ್ಲಿ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಎಂಬವರು ಕೆಲವೇ ಅಳತೆಗಳಿದ್ದಾಗ ಇಂಥ ಪರೀಕ್ಷೆಯನ್ನು ಹೇಗೆ ಮಾಡಬೇಕೆಂದು ತೋರಿಸಿಕೊಟ್ಟಿದ್ದರು. ಅವರು ತಮ್ಮ ಲೇಖನಕ್ಕೆ ಇಟ್ಟುಕೊಂಡ ಗುಪ್ತನಾಮ “ಸ್ಟೂಡೆಂಟ್” ಎಂದು. ನಮ್ಮ ಕುಲದ ಹೆಸರನ್ನು ಲೋಕಪ್ರಸಿದ್ಧಗೊಳಿಸಿದ ಆ ಪುಣ್ಯಾತ್ಮರಿಗೆ ವಿದ್ಯಾರ್ಥಿಗಳೆಲ್ಲ ಕೃತಜ್ಞರಾಗಿರತಕ್ಕದ್ದು. ಅವರ ಪರೀಕ್ಷೆಗೆ ಟಿ-ಪರೀಕ್ಷೆಯೆಂದು ಹೆಸರು. ಸರಾಸರಿ ವ್ಯತ್ಯಾಸವನ್ನು ಆ ಸರಾಸರಿಯ ಅನಿಶ್ಚಯದಿಂದ ಭಾಗಿಸಿದರೆ ಟಿ ಬರುತ್ತದೆ.

ಚೀಟಿಯ ಅಂಕಿಗಳನ್ನು ಇಲ್ಲಿ ಹಾಗೆಯೇ ಇಳಿಸುವುದಿಲ್ಲ. ಅದೇ ಬಗೆಯ, ಆದರೆ ಲೆಕ್ಕಕ್ಕೆ ಹಗುರವಾದ ದುಂಡು ಅಂಕಿಗಳನ್ನು ನಾನೇ ಇಟ್ಟುಕೊಂಡು ಹೇಳುತ್ತೇನೆ. ಅ, ಆ, ಇ, ಈ ಎಂದು ನಾಲ್ಕು ಊರುಗಳಿರಲಿ. ಪ್ರತಿಯೊಂದರಲ್ಲಿ ಹತ್ತು ಜೋಡಿ ತಾಕು, ಒಟ್ಟು ನಲವತ್ತು. ದ್ರಾವಣ ಸಿಂಪಡಿಸಿದ್ದರಿಂದ ಎಕರೆಗೆ ಆದ ಹೆಚ್ಚಳ ಅ ಊರಿನಲ್ಲಿ ಸರಾಸರಿ ೬ ಚೀಲ, ಆ ಊರಿನಲ್ಲಿ ೧, ಇ ಊರಿನಲ್ಲಿ ೧ ಚೀಲ ನಷ್ಟ, ಈ ಊರಿನಲ್ಲಿ ೪. ನಾಲ್ಕನ್ನೂ ಕೂಡಿ ಭಾಗಿಸಿದರೆ ೨.೫. ಒಂದೇ ಊರಿನೊಳಗೆ ಜೋಡಿಯಿಂದ ಜೋಡಿಗೆ ಇರುವ ಏರುಪೇರು, ಅಂದರೆ ಮಾನಕ ವಿಚಲನೆ, ೩ ಚೀಲ ಎಂದಿಟ್ಟುಕೊಳ್ಳಿ.

ಚೀಟಿಯವರ ಲೆಕ್ಕ ಹೀಗೆ: ಊರಿನ ಮಾತೇ ಬೇಡ, ನಲವತ್ತು ಅಂಕಿಗಳನ್ನೂ ಒಂದೇ ಕುಪ್ಪೆಗೆ ಸುರಿ. ಆಗ ಸರಾಸರಿಯ ಅನಿಶ್ಚಯ ೦.೬೩ ಚೀಲ, ಟಿ ಸುಮಾರು ೪. ನಲವತ್ತು ಅಂಕಿಗಳಿಗೆ ಬೇಕಾದದ್ದು ೨.೦೨ ಮಾತ್ರ. ಬರಿಯ ಏರುಪೇರಿನಿಂದ ಹೀಗಾಗುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಮೆ. ಜಯಭೇರಿ ಹೊಡೆದು ಚೀಟಿ ಅಚ್ಚು ಹಾಕಿಸಬಹುದು!

ಇನ್ನೊಂದು ಲೆಕ್ಕ ನೋಡಿ. ಒಂದೂರಿನ ಹತ್ತು ಜೋಡಿಗಳು ಅಣ್ಣತಮ್ಮಂದಿರು. ಅ ಊರಿನ ಮಣ್ಣಿಗೆ ದ್ರಾವಣ ಒಗ್ಗಿತೆಂದರೆ ಹತ್ತರಲ್ಲೂ ಒಗ್ಗುತ್ತದೆ. ಹತ್ತು ಮಂದಿ ಬಂದು ಹೇಳಿದರೂ ಅವರು ಹೇಳುತ್ತಿರುವುದು ಹೆಚ್ಚುಕಡಮೆ ಒಂದೇ ಮನೆಯ ಸುದ್ದಿ. ಆದ್ದರಿಂದ ಊರಿಗೆ ಒಂದು ಸರಾಸರಿಯಂತೆ ೬, ೧, -೧, ೪ ಎಂಬ ನಾಲ್ಕೇ ಅಂಕಿಗಳನ್ನು ಇಟ್ಟುಕೊಂಡರೆ ಅನಿಶ್ಚಯ ೧.೫೫ಕ್ಕೆ ಏರುತ್ತದೆ, ಟಿ ೧.೬ಕ್ಕೆ ಇಳಿಯುತ್ತದೆ. ಅಂಕಿಗಳು ನಾಲ್ಕೇ ಆದಾಗ ಗೆರೆ ದಾಟಲು ಬೇಕಾದದ್ದು ೩.೧೮. ಬರಿಯ ಏರುಪೇರಿನಿಂದಲೇ ಹೀಗಾಗುವ ಸಂಭವ ನೂರಕ್ಕೆ ಸುಮಾರು ಇಪ್ಪತ್ತು. ಸರಾಸರಿ ಅದೇ ಎರಡೂವರೆ ಚೀಲ, ಗದ್ದೆಗಳು ಅವೇ, ತಕ್ಕಡಿ ಅದೇ. ಆದರೆ ಸಾವಿರಕ್ಕೆ ಒಂದು ಎಂದದ್ದು ನೂರಕ್ಕೆ ಇಪ್ಪತ್ತಾಯಿತು!

ಇವುಗಳಲ್ಲಿ ಯಾವುದು ಸರಿ? ಇದು ಅಂಕಿಗಳನ್ನು ಕೇಳಿ ತಿಳಿಯುವ ವಿಷಯವಲ್ಲ, ನಾವು ಯಾರನ್ನು ಕುರಿತು ಮಾತನಾಡುತ್ತಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳಬೇಕಾದ ವಿಷಯ. ೧೯೪೭ರಲ್ಲಿ ಅಮೆರಿಕದ ಚರ್ಚಿಲ್ ಐಸೆನ್‌ಹಾರ್ಟ್ ಎಂಬ ವಿದ್ವಾಂಸರು ಈ ಭೇದವನ್ನು ಬಿಡಿಸಿ ಹೇಳಿದರು. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂಬ ಈ ನಾಲ್ಕೇ ಸ್ಥಳಗಳಲ್ಲಿ ಎಳನೀರಿನ ಬೆಲೆ ಹೇಗಿದೆಯೆಂದು ತಿಳಿಯುವುದು ನನ್ನ ಉದ್ದೇಶವಾದರೆ, ಆ ನಾಲ್ಕು ಹೆಸರುಗಳೇ ನನಗೆ ಮುಖ್ಯ. ಇನ್ನೊಮ್ಮೆ ವಿಚಾರಿಸಿದರೂ ಅವನ್ನೇ ವಿಚಾರಿಸುತ್ತೇನೆ. ಇವು ಸ್ಥಿರ ಪರಿಣಾಮಗಳು. ಆದರೆ ಅ, ಆ, ಇ, ಈ ಊರುಗಳು ನಮ್ಮ ಸೀಮೆಯ ನೂರಾರು ಹಳ್ಳಿಗಳ ಪರವಾಗಿ ಸಾಕ್ಷಿ ಹೇಳಲು ಬಂದವು. ಅವುಗಳ ಬದಲು ಬೇರೆ ನಾಲ್ಕು ಬಂದಿದ್ದರೂ ಆಗುತ್ತಿತ್ತು. ಹೀಗೆ ದೊಡ್ಡ ಗುಂಪಿನಿಂದ ಚೀಟಿಯೆತ್ತಿದಂತೆ ಬಂದ ಊರುಗಳದು ಯಾದೃಚ್ಛಿಕ ಪರಿಣಾಮ. ದ್ರಾವಣದ ಗುಣ ಸ್ಥಿರ, ಊರಿನ ಗುಣ ಯಾದೃಚ್ಛಿಕ. ಎರಡೂ ಕೂಡಿದ ಲೆಕ್ಕಕ್ಕೆ ಮಿಶ್ರ ಮಾದರಿಯೆಂದು ಹೆಸರು. ಮಾರಾಟಗಾರ ಆ ನಾಲ್ಕೂರಿನವರಿಗೆ ಮಾತ್ರ ದ್ರಾವಣ ಮಾರುತ್ತಾನಾದರೆ ಊರುಗಳನ್ನು ಸ್ಥಿರವೆಂದುಕೊಂಡು, ಊರಿನೊಳಗಿನ ಏರುಪೇರಿನಿಂದಲೇ ಅನಿಶ್ಚಯವನ್ನು ಅಳೆಯಬಹುದು. ಕಂಡಕಂಡ ಊರಿನಲ್ಲಿ ಮಾರುತ್ತಾನಾದರೆ ಅವನ ಸಾಕ್ಷಿಗಳು ನಾಲ್ಕು ಮಂದಿ, ನಲವತ್ತಲ್ಲ.

ಇದನ್ನೆಲ್ಲ ನಾನು ಮಾವನಿಗೆ ವಿವರಿಸಲು ಹೊರಟೆ. ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಅವರು ತಡೆದು ಕೇಳಿದರು:

“ಅದಿರ್ಲಿ. ಆ ನಾಕೂರಾಗ ನಮ್ಮೂರು ಐತೇನು?”

“ಇಲ್ಲ ಮಾವ.”

“ಮತ್ತ ನಮ್ಮೂರಿಗೆ ಇದು ಹತ್ತುತೈತಿ ಅಂತ ಹೆಂಗ ಹೇಳ್ತಾರ?”

ನಾನು ಸುಮ್ಮನಾದೆ. ಐಸೆನ್‌ಹಾರ್ಟರು ಒಂದು ಪ್ರಬಂಧದಲ್ಲಿ ಹೇಳಿದ್ದನ್ನು ಮಾವ ಒಂದು ಪ್ರಶ್ನೆಯಲ್ಲಿ ಮುಗಿಸಿದ್ದರು. ಯಾದೃಚ್ಛಿಕ ಪರಿಣಾಮದ ಶಾಸ್ತ್ರವೆಲ್ಲ ಹುಟ್ಟಿರುವುದು ಈ ಒಂದು ಪ್ರಶ್ನೆಗೆ ಉತ್ತರ ಕೊಡಲಿಕ್ಕೆ: ನೋಡಿದ ಊರುಗಳಿಂದ ನೋಡದ ಊರಿಗೆ ಹೋಗುವ ದಾರಿ ಯಾವುದು?

ಆ ದಾರಿಯಲ್ಲಿ ಮೊದಲು ಕೇಳಬೇಕಾದದ್ದು, ಊರಿನಿಂದ ಊರಿಗೆ ನಿಜವಾಗಿಯೂ ಏರುಪೇರು ಉಂಟೇ ಎಂದು. ನಾಲ್ಕೂರಿನ ಸರಾಸರಿಗಳು ಬೇರೆ ಬೇರೆ ಕಂಡದ್ದು ಊರಿನೊಳಗಿನ ಏರುಪೇರಿನ ಆಟವೂ ಇರಬಹುದಷ್ಟೆ. ಇದಕ್ಕೆ ಫಿಶರರ ಹೆಸರಿನ ಎಫ್-ಪರೀಕ್ಷೆ ಇದೆ. ಊರುಗಳ ನಡುವಣ ಏರುಪೇರನ್ನು ಊರೊಳಗಿನ ಏರುಪೇರಿನಿಂದ ಭಾಗಿಸಬೇಕು. ನಮ್ಮ ಅಂಕಿಗಳಲ್ಲಿ ಅದು ೯೬.೭ನ್ನು ೯ರಿಂದ ಭಾಗಿಸಿದಂತೆ, ಸುಮಾರು ೧೦.೭. ಗೆರೆ ಇರುವುದು ೨.೮೭ರಲ್ಲಿ. ಊರಿನ ಏರುಪೇರು ನಿಜವೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಅದರ ಪ್ರಮಾಣವನ್ನು ತೆಗೆದರೆ, ದ್ರಾವಣದ ಫಲ ಊರಿನಿಂದ ಊರಿಗೆ ಸುಮಾರು ೩ ಚೀಲದಷ್ಟು ಆಚೀಚೆ ಹೋಗುತ್ತದೆ. ಸರಾಸರಿ ಲಾಭವೇ ಎರಡೂವರೆ ಚೀಲವಿರುವಾಗ ಮೂರು ಚೀಲದ ಏರುಪೇರು! ಹೊಳೆ ದಾಟಹೊರಟ ಪಂಡಿತನಿಗೆ ಬೇಕಾಗಿದ್ದದ್ದು ಇದೇ ಅಂಕಿ.

ಇದೇ ಅಂಕಿಗಳಿಂದ ಇನ್ನೊಂದು ಸತ್ಯವೂ ಹೊರಡುತ್ತದೆ. ನಮ್ಮ ನಲವತ್ತು ಜೋಡಿಗಳು ಒಂದಕ್ಕೊಂದು ಸಂಬಂಧವಿಲ್ಲದ ಜೋಡಿಗಳ ಲೆಕ್ಕದಲ್ಲಿ ಸುಮಾರು ಏಳಕ್ಕೆ ಸಮ. ಅನಿಶ್ಚಯವನ್ನು ತಗ್ಗಿಸಲು ಪ್ರತಿ ಊರಿನಲ್ಲೂ ಹತ್ತರ ಬದಲು ನೂರು ಜೋಡಿ ಮಾಡಿದೆವೆನ್ನಿ. ಬೆವರು ಹತ್ತು ಪಟ್ಟು ಸುರಿಯಿತು, ಅನಿಶ್ಚಯ ೧.೫೫ರಿಂದ ೧.೪೯ಕ್ಕೆ ಮಾತ್ರ ಇಳಿಯಿತು. ಅದರ ಬದಲು ನಲವತ್ತು ಊರುಗಳಲ್ಲಿ ಒಂದೊಂದೇ ಜೋಡಿ ಮಾಡಿದ್ದರೆ ಅದು ೦.೬೭ಕ್ಕೆ ಇಳಿಯುತ್ತಿತ್ತು. ಒಂದೇ ಬಾವಿಯಿಂದ ನೂರು ಕೊಡ ಸೇದಿದರೂ ಊರಿನ ನೀರೆಲ್ಲ ಸಿಹಿಯೆಂದು ಹೇಳಲಾದೀತೆ?

ಈಗ ಪರೀಕ್ಷೆಯ ಒಂದು ವಿಚಿತ್ರವನ್ನು ಹೇಳಬೇಕು. ಅದಕ್ಕೆ ಹಂಪೆಯ ಮತಂಗ ಪರ್ವತಕ್ಕೆ ಹೋಗೋಣ. ಮುಂಜಾವದಲ್ಲಿ ಮಂಜು ಕವಿದಿದೆ, ನಾವು ಎಲ್ಲೋ ಒಂದು ಕಡೆ ನಿಂತಿದ್ದೇವೆ. ಇದೇ ಶಿಖರವೇ ಅಲ್ಲವೇ ಎಂದು ತಿಳಿಯಬೇಕಾಗಿದೆ. ಪರ್ವತದ ಒಂದೊಂದು ಜಾಗವೂ ಒಂದೊಂದು ಊಹೆ. ಯಾವ ಊಹೆ ಕೈಯಲ್ಲಿರುವ ಅಂಕಿಗಳಿಗೆ ಹೆಚ್ಚು ಹೊಂದುತ್ತದೆಯೋ ಆ ಜಾಗ ಹೆಚ್ಚು ಎತ್ತರ. ನಾವು ನಿಂತ ಜಾಗ “ಏನೂ ಇಲ್ಲ” ಎಂಬ ಊಹೆ. ತಿಳಿಯಲು ಮೂರು ಮಾರ್ಗಗಳಿವೆ. ಶಿಖರಕ್ಕೆ ಹತ್ತಿ ಎರಡು ಜಾಗಗಳ ಎತ್ತರದ ಅಂತರವನ್ನು ಅಳೆಯುವುದು ಒಂದು. ಅದು ನೇಮನ್ ಮತ್ತು ಪಿಯರ್‌ಸನ್ನರ ದಾರಿ. ಶಿಖರಕ್ಕೆ ಹತ್ತಿ, ನಿಂತಿದ್ದ ಜಾಗ ನೆಲದಳತೆಯಲ್ಲಿ ಎಷ್ಟು ದೂರವೆಂದು ನೋಡುವುದು ಎರಡನೆಯದು. ಅದು ೧೯೪೩ರಲ್ಲಿ ಏಬ್ರಹಾಂ ವಾಲ್ಡ್ ಹೇಳಿದ್ದು. ಮೂರನೆಯ ಮಾರ್ಗದಲ್ಲಿ ಹತ್ತುವ ಶ್ರಮವೇ ಇಲ್ಲ. ನಿಂತಲ್ಲೇ ನಿಂತು ಅಂಗಾಲಿನ ಕೆಳಗಿನ ಇಳಿಜಾರನ್ನು ಗಮನಿಸಿದರೆ ಸಾಕು. ನೆಲ ಸಮವಾಗಿದ್ದರೆ ಶಿಖರದ ಮೇಲೆಯೇ ಇದ್ದೇವೆ, ಕಡಿದಾಗಿದ್ದರೆ ಶಿಖರ ಬೇರೆ ಕಡೆ ಇದೆ. ಇದನ್ನು ೧೯೪೮ರಲ್ಲಿ ಪ್ರಕಟಿಸಿದವರು ಕಲ್ಯಂಪುಡಿ ರಾಧಾಕೃಷ್ಣ ರಾವ್, ಲೋಕವೆಲ್ಲ ಸಿ. ಆರ್. ರಾವ್ ಎಂದು ಬಲ್ಲ ಮಹನೀಯರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ ಕೂಡ ತುಂಬಿರಲಿಲ್ಲ.

ಊರಿನ ಏರುಪೇರನ್ನು ಪರೀಕ್ಷಿಸುವಾಗ ಈ ಪರ್ವತಕ್ಕೆ ಒಂದು ಗೋಡೆ ಬರುತ್ತದೆ. ಏರುಪೇರು ಸೊನ್ನೆಯಿರಬಹುದು, ಸೊನ್ನೆಗಿಂತ ಹೆಚ್ಚಿರಬಹುದು, ಆದರೆ ಸೊನ್ನೆಗಿಂತ ಕಡಮೆಯಾಗಲಾರದು. “ಊರಿನಿಂದ ಊರಿಗೆ ಭೇದವಿಲ್ಲ” ಎಂಬ ಜಾಗದಲ್ಲಿ ನಿಂತಾಗ ನಮ್ಮ ಬೆನ್ನು ಗೋಡೆಗೆ ತಾಗಿರುತ್ತದೆ. ನಿಜವಾಗಿ ಭೇದವಿಲ್ಲದಿದ್ದಾಗ, ಊರುಗಳು ಬಹಳವಿದ್ದರೆ, ಸುಮಾರು ಅರ್ಧದಷ್ಟು ಸಲ ನೆಲದ ಏರು ಗೋಡೆಯ ಕಡೆಗೇ ತೋರುತ್ತದೆ. ಅತ್ತ ಹೋಗುವಂತಿಲ್ಲ. ಆದ್ದರಿಂದ ಸಾಮಾನ್ಯ ಕೋಷ್ಟಕವನ್ನು ಕಣ್ಣುಮುಚ್ಚಿ ಬಳಸಿದರೆ ಇರುವ ಭೇದವೂ ಇಲ್ಲವೆಂದು ತೋರೀತು. ಎತ್ತರದ ಅಂತರದ ಪರೀಕ್ಷೆಯಲ್ಲಿ, ನೂರಕ್ಕೆ ಐದರ ಮಟ್ಟಕ್ಕೆ ಕೋಷ್ಟಕ ೩.೮೪ ಎನ್ನುವಲ್ಲಿ ೨.೭೧ ಎಂದಿಟ್ಟುಕೊಳ್ಳಬೇಕು. ಈ ಗೋಡೆಯ ಲೆಕ್ಕವನ್ನು ೧೯೫೪ರಲ್ಲಿ ಚೆರ್ನಾಫ್, ೧೯೮೭ರಲ್ಲಿ ಸೆಲ್ಫ್ ಮತ್ತು ಲಿಯಾಂಗ್ ಬಿಡಿಸಿಟ್ಟರು. ಊರುಗಳು ನಾಲ್ಕೇ ಇರುವಾಗ ಇದೂ ನೆಚ್ಚುವಂಥದಲ್ಲ. ಆಗ ಮೇಲೆ ಹೇಳಿದ ಎಫ್-ಪರೀಕ್ಷೆಯೇ ಲೇಸು. ನಿಂತಲ್ಲೇ ಇಳಿಜಾರು ನೋಡುವ ರಾವ್ ಅವರ ಮಾರ್ಗ ಇಂಥಲ್ಲಿ ಬಹಳ ಉಪಕಾರಿ, ಏಕೆಂದರೆ ಭೇದವಿಲ್ಲವೆಂಬ ಸುಲಭದ ಲೆಕ್ಕವನ್ನಷ್ಟೆ ಮಾಡಿದರೆ ಸಾಕು. ಅರ್ಥಶಾಸ್ತ್ರದ ಮಿತ್ರರು ಪುಸ್ತಕದಲ್ಲಿ ಕಾಣುವ, ೧೯೮೦ರ ಬ್ರೂಶ್-ಪೇಗನ್ ಯಾದೃಚ್ಛಿಕ ಪರಿಣಾಮದ ಪರೀಕ್ಷೆಯೂ ಮೂಲತಃ ಈ ಜಾತಿಗೇ ಸೇರಿದ್ದು.

ಈ ರಾವ್ ಮಹನೀಯರು ಹುಟ್ಟಿದ್ದು ಎಲ್ಲಿ ಬಲ್ಲಿರಾ? ಕಲ್ಕತ್ತೆಯಲ್ಲಲ್ಲ, ಕೇಂಬ್ರಿಜ್ಜಿನಲ್ಲೂ ಅಲ್ಲ. ನಮ್ಮ ಹೂವಿನಹಡಗಲಿಯಲ್ಲಿ, ೧೯೨೦ರ ಸೆಪ್ಟೆಂಬರ್ ೧೦ರಂದು. ಅಂದು ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ೨೦೨೧ರಿಂದ ನಮ್ಮ ಹೊಸಪೇಟೆಯೇ ಕೇಂದ್ರವಾಗಿರುವ ವಿಜಯನಗರ ಜಿಲ್ಲೆ. ಮನೆಮಾತು ತೆಲುಗು, ತಂದೆ ಪೊಲೀಸ್ ಇಲಾಖೆಯವರು. ಎಂಟನೆಯ ಮಗುವಾದ್ದರಿಂದ ದೇವಕಿಯ ಎಂಟನೆಯ ಮಗನ ಹೆಸರನ್ನೇ ಇಟ್ಟರಂತೆ. ಓದಿದ್ದು ಆಂಧ್ರ ವಿಶ್ವವಿದ್ಯಾನಿಲಯದಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ. ಪ್ರಶಾಂತಚಂದ್ರ ಮಹಲನೋಬಿಸರು ೧೯೩೧ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿ, ಕೇಂಬ್ರಿಜ್ಜಿಗೆ ಹೋಗಿ ಫಿಶರರ ಶಿಷ್ಯರಾದರು. ೧೯೭೦ರ ಸುಮಾರಿಗೆ, ಒಟ್ಟು ಏರುಪೇರಿನಲ್ಲಿ ಊರಿನ ಪಾಲೆಷ್ಟು, ತಾಕಿನ ಪಾಲೆಷ್ಟು ಎಂದು ಬೇರ್ಪಡಿಸುವ ಲೆಕ್ಕಕ್ಕೆ ‘ಮಿಂಕ್’ ಎಂಬ ಹೊಸ ವಿಧಾನವನ್ನೂ ಕೊಟ್ಟರು. ೨೦೦೧ರಲ್ಲಿ ಪದ್ಮವಿಭೂಷಣ, ೨೦೨೩ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ. ಅದೇ ವರ್ಷ ಆಗಸ್ಟ್ ೨೨ರಂದು ಅಮೆರಿಕದಲ್ಲಿ, ನೂರೆರಡು ವರ್ಷದ ತುಂಬು ಬಾಳನ್ನು ಮುಗಿಸಿದರು. ಹಡಗಲಿಯಿಂದ ಹಂಪೆಯ ದೇವರಿಗೆ ಹೂವು ಹೋಗುತ್ತಿತ್ತೆಂದು ಪ್ರತೀತಿ. ಅದೇ ಹಡಗಲಿಯಲ್ಲಿ ಹುಟ್ಟಿದ ಒಬ್ಬರ ಹೆಸರು ಇಂದು ಲೋಕದ ಯಾವ ಸಂಖ್ಯಾಶಾಸ್ತ್ರದ ತರಗತಿಗೂ ಹೋಗುತ್ತಿದೆ. ಇದನ್ನು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಬಲ್ಲರು?

ಮಾವನ ಪ್ರಶ್ನೆಗೆ ಬರೋಣ. ದ್ರಾವಣ ಸುಳ್ಳೆಂದು ನಾನು ಹೇಳಲಿಲ್ಲ. ಗೆರೆ ದಾಟಲಿಲ್ಲವೆಂದರೆ ಗುಣವಿಲ್ಲವೆಂದು ಅರ್ಥವಲ್ಲ, ನಾಲ್ಕು ಸಾಕ್ಷಿಗಳು ಸಾಲವೆಂದು ಮಾತ್ರ ಅರ್ಥ. ನ್ಯಾಯಸ್ಥಾನದಲ್ಲಿ ಸಾಕ್ಷಿ ಸಾಲದೆ ಬಿಡುಗಡೆಯಾದವರೆಲ್ಲ ಸತ್ಯಹರಿಶ್ಚಂದ್ರರೇನು? ಹಾಗೆಯೇ, ನೂರಕ್ಕೆ ಇಪ್ಪತ್ತು ಎಂಬುದು ನಷ್ಟವಾಗುವ ಸಂಭವವೂ ಅಲ್ಲ. ನಷ್ಟದ ಮಾತಿಗೆ ಬೇರೆ ಲೆಕ್ಕ ಬೇಕು. ದ್ರಾವಣದ ಖರ್ಚು ಎಕರೆಗೆ ಒಂದು ಚೀಲ ಭತ್ತದ ಬೆಲೆಗೆ ಸಮವೆನ್ನಿ. ಸರಾಸರಿ ಲಾಭ ೨.೫, ಊರಿನ ಏರುಪೇರು ೩ ಎಂದು ನಂಬಿದರೆ, ಹೊಸ ಊರುಗಳಲ್ಲಿ ಹತ್ತಕ್ಕೆ ಸುಮಾರು ಮೂರರಲ್ಲಿ ಖರ್ಚೂ ಹುಟ್ಟುವುದಿಲ್ಲ. ಏಳರಲ್ಲಿ ಹುಟ್ಟುತ್ತದೆ. ನಾಲ್ಕೇ ಊರುಗಳಿಂದ ತೆಗೆದದ್ದಾದ್ದರಿಂದ ಈ ಮೂರೂ ಏಳೂ ಒರಟು ಅಂಕಿಗಳೇ. ಹೀಗೆಂದು ಮಾವನಿಗೆ ಹೇಳಿದೆ. ಹತ್ತು ಊರಿನಲ್ಲಿ ಮೂರು ಊರು ಎಂಬ ಮಾತು ಅವರಿಗೆ ಒಡನೆಯೇ ತಿಳಿಯಿತು. “ನಲವತ್ತು ಕಡೆ ಸಾರ್ಥಕ” ಎಂಬುದು ಮಾತ್ರ ಅವರಿಗೆ ಕೊನೆಗೂ ತಿಳಿಯಲಿಲ್ಲ. ತಿಳಿಯದಿದ್ದದ್ದೇ ಒಳ್ಳೆಯದಾಯಿತು. ಸಾಲದ ಪುಸ್ತಕ ತೆರೆಯದೆ, ಕೈಯಲ್ಲಿದ್ದ ಹಣದಲ್ಲಿ ಅರ್ಧ ಎಕರೆಗಾಗುವಷ್ಟೇ ಕೊಂಡು, ಬದುವಿನ ಆಚೆ ಸಿಂಪಡಿಸಿ, ಈಚೆ ಬಿಟ್ಟು, ಎರಡನ್ನೂ ಬೇರೆಬೇರೆ ತೂಗುವುದೆಂದು ನಿಶ್ಚಯಿಸಿದರು. ತಮ್ಮ ಊರನ್ನು ತಾವೇ ಐದನೆಯ ಸಾಕ್ಷಿಯಾಗಿ ಕರೆದರೆಂದು ನಾನು ತಿಳಿದೆ.

ಇದು ಗದ್ದೆಯ ಲೆಕ್ಕ, ಕಲಾವಿಭಾಗದ ನಮಗೇಕೆ ಎನ್ನುವವರು ಇದ್ದಾರು. ೧೯೭೩ರಲ್ಲಿ ಹರ್ಬರ್ಟ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಬಳಗದವರನ್ನೇ ಎಚ್ಚರಿಸಿದರು. ಕೆಲವೇ ಪದಗಳನ್ನು ಆರಿಸಿ, ಅವನ್ನು ಬಹು ಜನರಿಗೆ ತೋರಿಸಿ, ಭಾಷೆಯೇ ಹೀಗೆಂದು ತೀರ್ಪು ಕೊಡುತ್ತೀರಲ್ಲ, ಪದಗಳೂ ಚೀಟಿಯೆತ್ತಿ ಬಂದವುಗಳೇ ಅಲ್ಲವೇ ಎಂದು ಕೇಳಿದರು. ಓದುಗರನ್ನು ಹೆಚ್ಚಿಸಿದ ಮಾತ್ರಕ್ಕೆ ಪದಗಳು ಹೆಚ್ಚುವುದಿಲ್ಲ. ನಮ್ಮ ಅಂತಿಮ ವರ್ಷದ ಸಮೀಕ್ಷೆಗಳನ್ನೇ ನೋಡಿ. ಮೂರು ಹಳ್ಳಿಗಳಲ್ಲಿ ಮುನ್ನೂರು ಮನೆಗಳನ್ನು ವಿಚಾರಿಸಿ, ಮುನ್ನೂರೆಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಮೂರೆಂಬುದು ಒಳಪುಟದಲ್ಲಿ ಅಡಗಿ ಕುಳಿತಿರುತ್ತದೆ. ಇಂದು ಲೆಕ್ಕ ಮಾಡಲು ‘ಆರ್’ನಂಥ ಉಚಿತ ತಂತ್ರಾಂಶಗಳು ಎಲ್ಲರ ಕೈಗೂ ಸಿಗುತ್ತವೆ, ಗುಂಡಿ ಒತ್ತಿದರೆ ಅಂಕಿಗಳ ಮಳೆಯಾಗುತ್ತದೆ. ಅದರಲ್ಲಿ ಮಿಶ್ರ ಮಾದರಿಗೆಂದೇ ಹೆಸರಾದ ಸಲಕರಣೆಯ ಕರ್ತರು ಸ್ಥಿರ ಪರಿಣಾಮದ ಮುಂದೆ ಸಾರ್ಥಕತೆಯ ಸಂಭವವನ್ನು ಬೇಕೆಂದೇ ಅಚ್ಚುಮಾಡಿಲ್ಲ. ಊರಿಗೊಂದು ತರಹ ತಾಕುಗಳ ಸಂಖ್ಯೆ ಬೇರೆಯಾದಾಗ, ಸಾಕ್ಷಿಗಳು ಎಷ್ಟೆಂದು ಎಣಿಸುವುದೇ ಕಷ್ಟ. ೧೯೪೬ರಲ್ಲಿ ಸ್ಯಾಟರ್‌ತ್ವೇಟ್, ೧೯೯೭ರಲ್ಲಿ ಕೆನ್‌ವರ್ಡ್ ಮತ್ತು ರೋಜರ್ ಕೊಟ್ಟ ದಾರಿಗಳೂ ಅಂದಾಜುಗಳೇ. ಬಲ್ಲವರು ಸುಮ್ಮನಿದ್ದ ಕಡೆ ನಾವು ನಕ್ಷತ್ರದ ಗುರುತು ಹಾಕಿ ಗಟ್ಟಿಯಾಗಿ ಕೂಗದಿದ್ದರೆ ಸಾಕು.

ಆದುದರಿಂದ ಸಹಪಾಠಿ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಈ ವರ್ಷ ಸಮೀಕ್ಷೆಗೆ ಹೊರಡುವಾಗ ಎಷ್ಟು ಮನೆಗಳೆಂದು ಎಣಿಸುವ ಮುಂಚೆ ಎಷ್ಟು ಊರುಗಳೆಂದು ಎಣಿಸಿರಿ. ಒಂದೂರಿನಲ್ಲಿ ನೂರು ಬಾಗಿಲು ತಟ್ಟುವ ಬದಲು, ಸಾಧ್ಯವಾದರೆ, ಇಪ್ಪತ್ತೂರಿನಲ್ಲಿ ಐದೈದು ಬಾಗಿಲು ತಟ್ಟಿರಿ. ಬಸ್ಸಿನ ಖರ್ಚು ಹೆಚ್ಚಾದೀತು, ಮಾತಿನ ತೂಕವೂ ಹೆಚ್ಚಾದೀತು. ಸರಾಸರಿಯನ್ನು ಬರೆದ ಸಾಲಿನಲ್ಲೇ ಊರಿನಿಂದ ಊರಿಗೆ ಇರುವ ಏರುಪೇರನ್ನೂ ಬರೆಯಿರಿ. ಆಗ ನಾವು ನೋಡದ ಊರಿನಲ್ಲಿರುವವನಿಗೂ, ನಮ್ಮ ಲೆಕ್ಕವನ್ನು ನಂಬಿ ಸಾಲ ಮಾಡುವವನಿಗೂ, ತನ್ನ ಪಾಲಿಗೆ ಏನು ಬಂದೀತೆಂದು ಅಂದಾಜು ಮಾಡಿಕೊಳ್ಳಲು ಅನುಕೂಲವಾಗುತ್ತದೆ.